ಕೈಸರನ ನಾಣ್ಯ ಯಾರ ಜೇಬಿನಲ್ಲಿತ್ತು?

ಬೈಬಲ್ಲಿನಲ್ಲಿ ತೆರಿಗೆ ಬಗ್ಗೆ ಏನು ಹೇಳಿದೆ ಅಂತ ಕೇಳಿ ನೋಡಿ. ಬೈಬಲ್ಲನ್ನು ಮುಟ್ಟಿಯೂ ನೋಡದವರು ಕೂಡ ಥಟ್ಟನೆ ಒಂದು ಉತ್ತರ ಕೊಡುತ್ತಾರೆ. ಸೀಸರನ ಪಾಲು ಸೀಸರನಿಗೆ ಹೋಗಲಿ, ದೇವರ ಪಾಲು ದೇವರಿಗೆ ಹೋಗಲಿ ಅಂತ ಯೇಸು ಹೇಳಿದ್ದಾನಲ್ಲ, ಅದು. ಇನ್ನೂ ಸ್ವಲ್ಪ ಓದಿಕೊಂಡವರಾದರೆ ಸಂತ ಪೌಲನನ್ನು ಕರೆತರುತ್ತಾರೆ. ಆಳುವವರನ್ನು ನೇಮಿಸಿದ್ದೇ ದೇವರು, ಆದ್ದರಿಂದ ಮಾತಾಡದೆ ಕಂದಾಯ ಕಟ್ಟಿ... ಅಲ್ಲಿಗೆ ಚರ್ಚೆ ಮುಗಿಯಿತು.

ಈ "ಅಲ್ಲಿಗೆ ಮುಗಿಯಿತು" ಅನ್ನುವುದರ ಮೇಲೇ ನನ್ನ ತಕರಾರು.

2018ರ ಜೂನ್ 14ರಂದು ಅಮೆರಿಕದ ಅಂದಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿ ಭಾಷಣ ಮಾಡಿದರು. ಗಡಿ ದಾಟಿ ಬಂದ ವಲಸಿಗರಿಂದ ಅವರ ಮಕ್ಕಳನ್ನು ಬೇರೆ ಮಾಡಿ ಇಡುತ್ತಿದ್ದ ದಿನಗಳು ಅವು. ಚರ್ಚಿನವರೇ ಟೀಕೆ ಮಾಡುತ್ತಿದ್ದರು. ಆ ಟೀಕೆಗೆ ಉತ್ತರವಾಗಿ ಸೆಷನ್ಸ್, ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯವನ್ನು ಎತ್ತಿ ತೋರಿಸಿದರು. ಸರ್ಕಾರದ ಕಾನೂನಿಗೆ ತಲೆಬಾಗಿ ಅಂತ ಪೌಲನೇ ಹೇಳಿದ್ದಾನಲ್ಲ, ಇನ್ನೇನು? ತೆರಿಗೆ ಕಟ್ಟಿ ಅನ್ನುವ ಮಾತು ಇರುವುದೂ ಅದೇ ಅಧ್ಯಾಯದಲ್ಲಿ, ಆರು ಮತ್ತು ಏಳನೇ ವಚನಗಳಲ್ಲಿ. ತೆರಿಗೆ, ಅಧಿಕಾರ, ವಿಧೇಯತೆ ಮೂರನ್ನೂ ಒಂದೇ ಗಂಟಿಗೆ ಕಟ್ಟಿಟ್ಟ ಹಾಗಿದೆ. ಆ ಗಂಟನ್ನು ಬಿಚ್ಚಿ ನೋಡುವ ಆಸೆ ನನ್ನದು.

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರ ಓದಿದವನೂ ಅಲ್ಲ. ಓದಿದ್ದು ಇಂಜಿನಿಯರಿಂಗು, ಮಾಡುವುದು ಸಾಫ್ಟ್‌ವೇರು. ಒಂದೇ ಡಾಕ್ಯುಮೆಂಟಿನಲ್ಲಿ ಒಂದಕ್ಕೊಂದು ಹೊಂದದ ಸಾಲುಗಳು ಕಂಡರೆ ಇದನ್ನು ಯಾರು, ಯಾವಾಗ, ಯಾರಿಗೋಸ್ಕರ ಬರೆದರು ಅಂತ ಹುಡುಕುವ ಚಾಳಿ ಮಾತ್ರ ಇದೆ.

ನಾಣ್ಯದ ಕಥೆಯಿಂದಲೇ ಶುರು ಮಾಡೋಣ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ. (ಕನ್ನಡ ಬೈಬಲ್ಲಿನಲ್ಲಿ ಸೀಸರ್ ಅಂದರೆ 'ಕೈಸರ'. ಇನ್ನು ಮುಂದೆ ನಾನೂ ಹಾಗೇ ಬರೆಯುತ್ತೇನೆ.) ಫರಿಸಾಯರು ಮತ್ತು ಹೆರೋದನ ಕಡೆಯವರು ಬಂದು ಯೇಸುವನ್ನು ಕೇಳುತ್ತಾರೆ: ಕೈಸರನಿಗೆ ತಲೆಗಂದಾಯ ಕಟ್ಟುವುದು ಸರಿಯೋ ತಪ್ಪೋ? ಅಡಕತ್ತರಿ ಪ್ರಶ್ನೆ. ಕಟ್ಟಿ ಅಂದರೆ ಜನ ಉಗಿಯುತ್ತಾರೆ, ಬೇಡ ಅಂದರೆ ರೋಮನ್ನರು ಹಿಡಿದು ಹಾಕುತ್ತಾರೆ.

ಈ ಪ್ರಶ್ನೆಯ ಹಿಂದೆ ರಕ್ತದ ಕಥೆ ಇದೆ. ಕ್ರಿ.ಶ. 6ರಲ್ಲಿ ಯೂದಾಯ ನೇರವಾಗಿ ರೋಮಿನ ಕೈಗೆ ಬಂದಾಗ ಸಿರಿಯಾದ ಗವರ್ನರ್ ಕ್ವಿರಿನಿಯಸ್ ತೆರಿಗೆ ಹಾಕುವುದಕ್ಕಾಗಿ ಜನರ, ಆಸ್ತಿಯ ಲೆಕ್ಕ ತೆಗೆಸಿದ. ಗಲಿಲಾಯದ ಯೂದ ಅನ್ನುವವನು ಇದಕ್ಕೆ ತಿರುಗಿ ಬಿದ್ದ. ನಮಗೆ ದೇವರೊಬ್ಬನೇ ಒಡೆಯ, ಈ ಲೆಕ್ಕಕ್ಕೆ ಒಪ್ಪುವುದು ಅಂದರೆ ಗುಲಾಮಗಿರಿಗೆ ಒಪ್ಪಿದ ಹಾಗೆ ಅನ್ನುವುದು ಅವನ ವಾದ. ಇತಿಹಾಸಕಾರ ಜೋಸೆಫಸ್ ಇದನ್ನು ಬರೆದಿಟ್ಟಿದ್ದಾನೆ. ಯೂದ ನಾಶವಾದ, ಅವನ ಹಿಂದೆ ಹೋದವರು ಚದುರಿಹೋದರು ಅನ್ನುವ ಮಾತು ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲೂ ಬರುತ್ತದೆ. ಯೇಸುವನ್ನು ಕೇಳಿದವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೇಳಿದ್ದು.

ಯೇಸು ಒಂದು ದಿನಾರಿ ನಾಣ್ಯ ತಂದು ತೋರಿಸಿ ಅನ್ನುತ್ತಾನೆ. ಅವರು ತರುತ್ತಾರೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಜಾಗ ಇದು. ನಾಣ್ಯ ಬಂದದ್ದು ಪ್ರಶ್ನೆ ಕೇಳಿದವರ ಕಡೆಯಿಂದ! ಆ ಕಾಲದ ದಿನಾರಿಯ ಮೇಲೆ ಚಕ್ರವರ್ತಿ ತಿಬೇರಿಯನ ಮುಖ, ಸುತ್ತಲೂ ಅವನು ದೇವರಾದ ಅಗಸ್ಟಸ್‌ನ ಮಗ ಅನ್ನುವ ಬರಹ. ವಿಗ್ರಹ ಅಂದರೆ ಮಾರು ದೂರ ನಿಲ್ಲುವ ಧರ್ಮದ ದೊಡ್ಡವರು ಅಂಥದ್ದನ್ನು ಕೇಳಿದ ಕೂಡಲೇ ತೆಗೆದು ತೋರಿಸುತ್ತಾರೆ. ಅದಾದ ಮೇಲೆ ಬರುವುದು ಆ ಪ್ರಸಿದ್ಧ ಉತ್ತರ.

ಸರಿ, ಆ ಉತ್ತರದ ಅರ್ಥ ಕಟ್ಟಿ ಅಂತಲೋ ಬೇಡ ಅಂತಲೋ? ನಾಣ್ಯದ ಮೇಲೆ ಕೈಸರನ ರೂಪ ಇದೆ, ಆದ್ದರಿಂದ ಅದು ಅವನದು. ಒಪ್ಪೋಣ. ಆದರೆ ಮನುಷ್ಯನನ್ನು ದೇವರು ತನ್ನ ರೂಪದಲ್ಲಿ ಮಾಡಿದ ಅಂತ ಆದಿಕಾಂಡ ಹೇಳುತ್ತದೆ. ಹಾಗಾದರೆ ಮನುಷ್ಯ ಪೂರ್ತಿ ದೇವರ ಪಾಲು. ಕೈಸರನಿಗೆ ಉಳಿಯುವುದು ಒಂದು ತುಂಡು ಬೆಳ್ಳಿ ಅಷ್ಟೇ. ಹೀಗೆ ಕೇಳಿಸಿಕೊಂಡರೆ ಅದು ವಿಧೇಯತೆಯ ಮಾತಾಗಿ ಉಳಿಯುವುದಿಲ್ಲ. ಲೂಕನ ಸುವಾರ್ತೆಯಲ್ಲಿ 20ನೇ ಅಧ್ಯಾಯದಲ್ಲಿ ಇದೇ ಉತ್ತರ ಇದೆ. 23ನೇ ಅಧ್ಯಾಯದಲ್ಲಿ ಪಿಲಾತನ ಮುಂದೆ ಯೇಸುವಿನ ಮೇಲೆ ಹೊರಿಸುವ ಆರೋಪ ಏನು ಗೊತ್ತಾ? ಇವನು ಕೈಸರನಿಗೆ ತೆರಿಗೆ ಕಟ್ಟಬೇಡಿ ಅನ್ನುತ್ತಾನೆ ಅಂತ. ಸುಳ್ಳು ಆರೋಪ ಅಂತಲೇ ಲೂಕ ಬರೆದಿರುವುದು. ಆದರೂ ಆ ಸುಳ್ಳನ್ನು ಕಟ್ಟುವಷ್ಟು ಜಾಗ ಆ ಉತ್ತರದಲ್ಲಿತ್ತು.

ಈಗ ಹಿಂದಕ್ಕೆ, ಹಳೆಯ ಒಡಂಬಡಿಕೆಗೆ ಹೋಗೋಣ. ಅಲ್ಲಿ ತೆರಿಗೆಯ ಮೊದಲ ದೊಡ್ಡ ಅಧಿಕಾರಿ ಅಂದರೆ ಯೋಸೇಫ. ಈಜಿಪ್ಟಿನಲ್ಲಿ ಏಳು ವರ್ಷ ಬರ. ಸರ್ಕಾರದ ಕಣಜದಲ್ಲಿ ಮಾತ್ರ ಧಾನ್ಯ ಇದೆ, ಅದೂ ಸುಭಿಕ್ಷದ ವರ್ಷಗಳಲ್ಲಿ ಬೆಳೆಯ ಐದರಲ್ಲೊಂದು ಪಾಲು ಎತ್ತಿಟ್ಟದ್ದು. ಬರ ಬಂದಾಗ ಜನ ಮೊದಲು ದುಡ್ಡು ಕೊಟ್ಟು ಕೊಂಡರು, ಆಮೇಲೆ ದನಕರು ಕೊಟ್ಟರು, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಬರೆದುಕೊಟ್ಟರು. ಅಲ್ಲಿಂದ ಮುಂದೆ ಬೆಳೆಯ ಐದರಲ್ಲೊಂದು ಪಾಲು ಕಾಯಂ ತೆರಿಗೆ. ಪೂಜಾರಿಗಳ ಭೂಮಿಗೆ ಮಾತ್ರ ವಿನಾಯಿತಿ. (ಇದು ಎಲ್ಲ ಕಾಲದಲ್ಲೂ ಇದ್ದದ್ದೇ!) ಜನ ಯೋಸೇಫನಿಗೆ ಶಾಪ ಹಾಕುವುದಿಲ್ಲ, ನಮ್ಮ ಜೀವ ಉಳಿಸಿದೆ ಅನ್ನುತ್ತಾರೆ. ಕಥೆ ಹೇಳುವವನೂ ಸರಿ-ತಪ್ಪು ಏನೂ ಹೇಳುವುದಿಲ್ಲ. ಆದರೆ ಮುಂದಿನ ಪುಸ್ತಕ ತೆರೆದ ಕೂಡಲೇ ಯೋಸೇಫನನ್ನು ಅರಿಯದ ಹೊಸ ಫರೋಹ ಬಂದಿದ್ದಾನೆ, ಯೋಸೇಫನ ಜನರೇ ಬಿಟ್ಟಿ ಚಾಕರಿಯಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ. ಇಡೀ ದೇಶದ ಜನರನ್ನು ಅರಸನ ಸೊತ್ತು ಮಾಡಿದ್ದು ಯಾರು ಅಂತ ಓದುಗ ತಾನೇ ನೆನಪಿಸಿಕೊಳ್ಳಬೇಕು.

ಸಮುವೇಲ ಹಾಗಲ್ಲ, ಬಾಯಿ ಬಿಟ್ಟು ಹೇಳುತ್ತಾನೆ. ಬೇರೆ ದೇಶದವರಿಗಿರುವಂತೆ ನಮಗೂ ಒಬ್ಬ ಅರಸ ಬೇಕು ಅಂತ ಜನ ಹಟ ಹಿಡಿದಾಗ ಅವನು ಕೊಡುವ ಎಚ್ಚರಿಕೆ ಸಮುವೇಲನ ಮೊದಲ ಪುಸ್ತಕದ 8ನೇ ಅಧ್ಯಾಯದಲ್ಲಿದೆ. ಅರಸ ನಿಮ್ಮ ಗಂಡುಮಕ್ಕಳನ್ನು ರಥಕ್ಕೆ ಹಚ್ಚುತ್ತಾನೆ, ಹೆಣ್ಣುಮಕ್ಕಳನ್ನು ಅಡಿಗೆಗೆ ಹಚ್ಚುತ್ತಾನೆ, ಒಳ್ಳೊಳ್ಳೆಯ ಹೊಲ ಕಿತ್ತು ತನ್ನವರಿಗೆ ಕೊಡುತ್ತಾನೆ, ದವಸದಲ್ಲಿ ಹತ್ತರಲ್ಲೊಂದು, ಕುರಿಯಲ್ಲಿ ಹತ್ತರಲ್ಲೊಂದು ಎತ್ತುತ್ತಾನೆ. ಹತ್ತು ಪರ್ಸೆಂಟಿಗೇ ಇಷ್ಟೊಂದಾ ಅಂತ ಸಂಬಳದ ಸ್ಲಿಪ್ ನೋಡಿ ಅಭ್ಯಾಸ ಇರುವ ನಮಗೆ ನಗು ಬರಬಹುದು. ಆದರೆ ಹತ್ತರಲ್ಲೊಂದು ಅನ್ನುವುದು ದೇವರಿಗೆ ಕೊಡುವ ಪಾಲಿನ ಲೆಕ್ಕ. ಅರಸನೂ ಅಷ್ಟೇ ಕೇಳುತ್ತಾನೆ ಅಂದರೆ ಅವನು ಯಾರ ಜಾಗದಲ್ಲಿ ಕೂತ ಅನ್ನುವುದು ಸಮುವೇಲನ ಪಾಯಿಂಟು.

ಹಾಗಂತ ಬೈಬಲ್ ಅರಸೊತ್ತಿಗೆಗೆ ವಿರುದ್ಧ ಅಂದುಕೊಳ್ಳಬೇಡಿ. ಇದಕ್ಕಿಂತ ಮುಂಚಿನ ನ್ಯಾಯಸ್ಥಾಪಕರು ಅನ್ನುವ ಪುಸ್ತಕ ಮುಗಿಯುವುದೇ, ಅರಸ ಇಲ್ಲದ್ದರಿಂದ ಪ್ರತಿಯೊಬ್ಬನೂ ಮನಸ್ಸಿಗೆ ಬಂದ ಹಾಗೆ ನಡೆಯುತ್ತಿದ್ದ ಅನ್ನುವ ಕೊರಗಿನಲ್ಲಿ. ಅದೇ ಪುಸ್ತಕದ 9ನೇ ಅಧ್ಯಾಯದ ಕಥೆಯಲ್ಲಿ ಆಲಿವ್, ಅಂಜೂರ, ದ್ರಾಕ್ಷಿ ಎಲ್ಲವೂ ನಮಗೆ ಬೇರೆ ಕೆಲಸ ಇದೆ ಅಂತ ಅರಸುತನ ಬೇಡ ಅಂದು, ಕೊನೆಗೆ ಮುಳ್ಳಿನ ಪೊದೆ ಮಾತ್ರ ಒಪ್ಪುತ್ತದೆ! ಒಂದೇ ಪುಸ್ತಕ, ಎರಡು ಮಾತು. ಅರಸುಗಳ ಮೊದಲ ಪುಸ್ತಕದಲ್ಲೂ ಹೀಗೇ. 5ನೇ ಅಧ್ಯಾಯದಲ್ಲಿ ಸೊಲೊಮೋನ ಇಸ್ರಾಯೇಲಿನಿಂದ 30,000 ಜನರನ್ನು ಬಿಟ್ಟಿಗೆ ಹಿಡಿದು, ತಿಂಗಳಿಗೆ 10,000ದಂತೆ ಲೆಬನೋನಿಗೆ ಕಳಿಸುತ್ತಾನೆ. 9ನೇ ಅಧ್ಯಾಯದಲ್ಲಿ, ಅವನು ಇಸ್ರಾಯೇಲರನ್ನು ದಾಸರನ್ನಾಗಿ ಮಾಡಲಿಲ್ಲ ಅಂತಿದೆ. ಬೇರೆ ಬೇರೆ ಥರದ ದುಡಿಮೆ ಅಂತ ಸಮಜಾಯಿಷಿ ಕೊಡುವವರಿದ್ದಾರೆ. ದುಡಿದವರು ಆ ವ್ಯತ್ಯಾಸ ಒಪ್ಪಿದ ಹಾಗೆ ಕಾಣುವುದಿಲ್ಲ. ಸೊಲೊಮೋನನ ಮಗ ರೆಹಬ್ಬಾಮನ ಹತ್ತಿರ ಜನ ಬಂದು ಭಾರ ಇಳಿಸು ಅಂತ ಬೇಡುತ್ತಾರೆ. ಅವನು ಜೊತೆಗಾರ ಹುಡುಗರ ಮಾತು ಕೇಳಿ ಇನ್ನೂ ಹೇರುತ್ತೇನೆ ಅನ್ನುತ್ತಾನೆ. ಬಿಟ್ಟಿ ಕೆಲಸದ ಮೇಲ್ವಿಚಾರಕ ಅದೋರಾಮನನ್ನು ಕಳಿಸಿದರೆ ಜನ ಕಲ್ಲೆಸೆದು ಕೊಲ್ಲುತ್ತಾರೆ. ರಾಜ್ಯ ಎರಡು ಹೋಳು.

ತೆರಿಗೆಗೂ ಸೈನ್ಯಕ್ಕೂ ಮೊದಲ ಹೆಜ್ಜೆ ಜನಗಣತಿ. ದಾವೀದ ಅದನ್ನು ಮಾಡಿಸಿದ, ದೇಶಕ್ಕೆ ವ್ಯಾಧಿ ಬಡಿಯಿತು. ಗಣತಿಗೆ ಅವನನ್ನು ಪ್ರೇರೇಪಿಸಿದ್ದು ಯಾರು? ಸಮುವೇಲನ ಎರಡನೇ ಪುಸ್ತಕದ ಪ್ರಕಾರ ದೇವರು. ಪೂರ್ವಕಾಲ ವೃತ್ತಾಂತದ ಪ್ರಕಾರ ಸೈತಾನ. ಒಂದೇ ಘಟನೆ!

ಇಷ್ಟಾದ ಮೇಲೆ ಪೌಲನ ಹತ್ತಿರ ಬರೋಣ. ಅವನು ರೋಮಿನವರಿಗೆ ಪತ್ರ ಬರೆದದ್ದು ಕ್ರಿ.ಶ. 57ರ ಆಸುಪಾಸಿನಲ್ಲಿ. ಓದುವವರು ಮನೆಗಳಲ್ಲಿ ಸೇರುತ್ತಿದ್ದ ಒಂದು ಹಿಡಿ ಜನ. ಅದಕ್ಕೆ ಕೆಲವೇ ವರ್ಷ ಹಿಂದೆ ಚಕ್ರವರ್ತಿ ಕ್ಲಾಡಿಯಸ್ ಯೆಹೂದಿಗಳನ್ನು ರೋಮಿನಿಂದ ಹೊರಗೆ ಹಾಕಿದ್ದ. ಪೌಲನ ಗೆಳೆಯರಾದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಗಳು ಹಾಗೆ ಊರು ಬಿಟ್ಟವರೇ. ಈಗ ಇಪ್ಪತ್ತರ ಹರೆಯದ ನೀರೋ ಪಟ್ಟದಲ್ಲಿದ್ದಾನೆ. ಕ್ರಿ.ಶ. 58ರಲ್ಲಿ ಸುಂಕ ವಸೂಲಿಯ ಗುತ್ತಿಗೆದಾರರ ಮೇಲೆ ಜನ ಎಷ್ಟು ದೂರು ಕೊಟ್ಟರೆಂದರೆ, ಸುಂಕಗಳನ್ನೆಲ್ಲ ತೆಗೆದೇ ಹಾಕಿದರೆ ಹೇಗೆ ಅಂತ ನೀರೋ ಯೋಚಿಸಿದ್ದನಂತೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅಂದರೆ ಪತ್ರ ತಲುಪುವ ಹೊತ್ತಿಗೆ ಊರೆಲ್ಲ ತೆರಿಗೆಯದೇ ಗಲಾಟೆ. ಪೌಲ ತನ್ನವರಿಗೆ ಹೇಳುವುದು ಇಷ್ಟು: ತಲೆ ಎತ್ತಬೇಡಿ, ಕಂದಾಯ ಕಂದಾಯದವನಿಗೆ, ಸುಂಕ ಸುಂಕದವನಿಗೆ ಕೊಟ್ಟು ಮುಗಿಸಿ. (ಗ್ರೀಕ್ ಮೂಲದಲ್ಲೂ ಇವು ಎರಡು ಬೇರೆ ಪದಗಳು. ಸೋತವರು ಗೆದ್ದವರಿಗೆ ಕೊಡುವ ಕಂದಾಯ ಒಂದು, ಸರಕಿನ ಮೇಲಿನ ಸುಂಕ ಇನ್ನೊಂದು. ನಮ್ಮ ಕನ್ನಡ ಪದಗಳು ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಗಾದೆಯನ್ನು ಗಲಿಲಾಯದವರಿಗೆ ಹೇಳಿದ್ದರೆ ತಕ್ಷಣ ಅರ್ಥವಾಗುತ್ತಿತ್ತು.)

ಹಿಂಸೆಗೆ ಹಿಂಸೆ ಬೇಡ ಅನ್ನುವ 12ನೇ ಅಧ್ಯಾಯ ಮುಗಿದ ಕೂಡಲೇ ಈ ಮಾತು ಬರುತ್ತದೆ. ನನ್ನ ಕಿವಿಗೆ ಇದು ರಾಜ್ಯಶಾಸ್ತ್ರದ ಹಾಗೆ ಕೇಳಿಸುವುದಿಲ್ಲ. ಬದುಕಿ ಉಳಿಯಿರಪ್ಪಾ ಅಂತ ದೂರದಿಂದ ಹಿರಿಯನೊಬ್ಬ ಬರೆದ ಹಾಗಿದೆ. ಆಳುವವರು ಒಳ್ಳೆಯದಕ್ಕೆ ಭಯ ಹುಟ್ಟಿಸುವವರಲ್ಲ ಅಂತಲೂ ಅವನು ಬರೆದ. ಆದರೆ ಅವನನ್ನೇ ಅಧಿಕಾರಿಗಳು ಹೊಡೆದು ಜೈಲಿಗೆ ಹಾಕಿದ್ದರು. ಸಂಪ್ರದಾಯದ ಪ್ರಕಾರ ಕೊನೆಗೆ ಅವನ ತಲೆ ತೆಗೆಸಿದ್ದೂ ಅದೇ ನೀರೋನ ಆಡಳಿತ.

ಅದೇ ಹೊಸ ಒಡಂಬಡಿಕೆಯ ಕೊನೆಯ ಪುಸ್ತಕ 'ಪ್ರಕಟನೆ'. ಪೌಲನ ಪತ್ರದಿಂದ ನಲವತ್ತು ವರ್ಷದೀಚೆಗೆ ಬರೆದದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಅಲ್ಲಿ ರೋಮ್ ಸಾಮ್ರಾಜ್ಯ ಸಮುದ್ರದಿಂದ ಎದ್ದು ಬರುವ ಮೃಗ. ಅದರ ಗುರುತು ಇಲ್ಲದವನು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಆ ಮೃಗಕ್ಕೆ ಅಧಿಕಾರ ಕೊಟ್ಟದ್ದು ಯಾರು? ಘಟಸರ್ಪ, ಅಂದರೆ ಸೈತಾನ. ಅದೇ ಸಾಮ್ರಾಜ್ಯದ ಅಧಿಕಾರ ಪೌಲನಿಗೆ ದೇವರಿಂದ ಬಂದದ್ದು, ಇವನಿಗೆ ಸರ್ಪದಿಂದ ಬಂದದ್ದು. ತಮಾಷೆ ಅಂದರೆ ಇದೂ 13ನೇ ಅಧ್ಯಾಯವೇ! ಅಧ್ಯಾಯಗಳ ನಂಬರು ಹಾಕಿದ್ದು ಹದಿಮೂರನೇ ಶತಮಾನದಲ್ಲಾದ್ದರಿಂದ ಕಾಕತಾಳೀಯ, ಬಿಡಿ. ಆದರೆ ಸೆಷನ್ಸ್‌ರಂಥವರು ಎತ್ತಿಕೊಳ್ಳುವುದು ಯಾವ 13 ಅಂತ ನೋಡಿದರೆ ಸಾಕು.

ಅವರು ಮೊದಲಿಗರಲ್ಲ. 1525ರಲ್ಲಿ ಜರ್ಮನಿಯ ರೈತರು ಮೆಮ್ಮಿಂಗನ್‌ನಲ್ಲಿ ಹನ್ನೆರಡು ಬೇಡಿಕೆಗಳ ಪಟ್ಟಿ ಮಾಡಿ, ಪಕ್ಕದಲ್ಲಿ ಬೈಬಲ್ ವಚನಗಳ ಉಲ್ಲೇಖ ಹಾಕಿ ಅಚ್ಚು ಹಾಕಿಸಿದರು. ಎಷ್ಟು ನಾಜೂಕಿನ ಬೇಡಿಕೆಗಳು ಅವು! ಧಾನ್ಯದ ದಶಾಂಶ ಕೊಡುತ್ತೇವೆ, ಆದರೆ ಅದರಿಂದ ಪಾದ್ರಿಗೆ ಸಂಬಳ ಹೋಗಲಿ, ಮಿಕ್ಕದ್ದು ಬಡವರಿಗೆ ಹೋಗಲಿ. ದನಕರುಗಳ ಮೇಲಿನ ಸಣ್ಣ ದಶಾಂಶ ಕೊಡುವುದಿಲ್ಲ, ಪ್ರಾಣಿಗಳನ್ನು ದೇವರು ಮನುಷ್ಯನಿಗೆ ಪುಕ್ಕಟೆ ಕೊಟ್ಟಿದ್ದಾನೆ. ಯಜಮಾನ ಸತ್ತಾಗ ವಿಧವೆ-ಅನಾಥರಿಂದ ಕಿತ್ತುಕೊಳ್ಳುವ ಸಾವಿನ ತೆರಿಗೆ ಪೂರ್ತಿ ನಿಲ್ಲಲಿ. ಮಾರ್ಟಿನ್ ಲೂಥರ್ ಮೊದಮೊದಲು ದೊರೆಗಳನ್ನೂ ಬೈದ. ದಂಗೆ ಹೊತ್ತಿಕೊಂಡ ಮೇಲೆ ರೋಮಾಪುರ 13ನ್ನು ಕೈಗೆತ್ತಿಕೊಂಡು ರೈತರನ್ನು ಹೊಡೆದು ಹಾಕಿ ಅಂತ ಬರೆದ. ಹತ್ತಾರು ಸಾವಿರ ರೈತರು ಸತ್ತರು. ಎರಡೂ ಕಡೆ ಇದ್ದದ್ದು ಒಂದೇ ಬೈಬಲ್.

ಅಮೆರಿಕದಲ್ಲಿ 1750ರಲ್ಲಿ ಬೋಸ್ಟನ್ನಿನ ಪಾದ್ರಿ ಜೊನಾಥನ್ ಮೇಹ್ಯೂ ರೋಮಾಪುರ 13ನ್ನೇ ತಿರುಗಿಸಿ ಓದಿದ: ಪೌಲ ಹೇಳಿದ್ದು ಒಳಿತು ಮಾಡುವ ಅಧಿಕಾರಿಯ ಬಗ್ಗೆ, ಒಳಿತು ಮಾಡದವನಿಗೆ ಆ ಮಾತು ಅನ್ವಯಿಸುವುದಿಲ್ಲ. 1775ರಲ್ಲಿ ಮೇರಿಲ್ಯಾಂಡಿನ ರಾಜನಿಷ್ಠ ಪಾದ್ರಿ ಜೊನಾಥನ್ ಬೌಚರ್ ವಿಧೇಯತೆಯ ಬಗ್ಗೆ ಉಪದೇಶ ಮಾಡುತ್ತಿದ್ದ, ಎದುರಿನ ದಿಂಬಿನ ಮೇಲೆ ಗುಂಡು ತುಂಬಿದ ಎರಡು ಪಿಸ್ತೂಲು ಇಟ್ಟುಕೊಂಡು. 1776ರಲ್ಲಿ ಥಾಮಸ್ ಪೈನ್ 'ಕಾಮನ್ ಸೆನ್ಸ್' ಬರೆದಾಗ ಪುಟಗಟ್ಟಲೆ ಬಳಸಿಕೊಂಡದ್ದು ಸಮುವೇಲನ ಎಚ್ಚರಿಕೆಯನ್ನು. ದಕ್ಷಿಣ ಆಫ್ರಿಕಾದಲ್ಲಿ 1985ರ ಈಸ್ಟರ್ ಹೊತ್ತಿಗೆ ಅಧ್ಯಕ್ಷ ಬೋಥಾ ಕರಿಯರ ದೊಡ್ಡ ಚರ್ಚೊಂದರ ಸಮಾವೇಶಕ್ಕೆ ಹೋಗಿ ರೋಮಾಪುರ 13ನ್ನು ನೆನಪಿಸಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿನ ದೇವತಾಶಾಸ್ತ್ರಜ್ಞರು ಕೈರೋಸ್ ದಾಖಲೆ ಹೊರತಂದು, ಪೌಲನನ್ನು ಹೀಗೆ ಬಳಸುವುದು ಮೋಸ ಅಂದರು.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ಈ ವಚನಗಳಲ್ಲಿ ಯಾವುದು ಸರಿ ಅಂತ ಕೇಳುವ ಮೊದಲು ಯಾವುದು ಯಾರ ಹೆಸರಿಗೆ ಬಂದದ್ದು ಅಂತ ಕೇಳಬೇಕು. ಪೌಲನ ಮಾತು ಕೊಡುವವನ ವಿಳಾಸಕ್ಕೆ ಹೋದ ಪತ್ರ, ತೆಗೆದುಕೊಳ್ಳುವವನ ವಿಳಾಸಕ್ಕೆ ಅಲ್ಲ. ನೀರೋಗೆ ಅದರ ಪ್ರತಿ ಹೋಗಿರಲಿಲ್ಲ! ಕೊಡುವವನಿಗೆ ಬಂದ ಪತ್ರವನ್ನು ತೆಗೆದುಕೊಳ್ಳುವವನು ಒಡೆದು, ನೋಡಿ ನಿಮಗೆ ಹೀಗೆ ಬರೆದಿದೆ ಅಂತ ಗಟ್ಟಿಯಾಗಿ ಓದುವುದಿದೆಯಲ್ಲ, ಗೋಳಾಗುವುದು ಅಲ್ಲಿ. 'ಟು' ಅನ್ನುವ ಜಾಗದಲ್ಲಿ ಯಾರ ಹೆಸರಿದೆ ಅಂತ ನೋಡದೆ ಮೇಲ್ ಫಾರ್ವರ್ಡ್ ಮಾಡುವ ಮ್ಯಾನೇಜರನ ಥರ.

ತೆಗೆದುಕೊಳ್ಳುವವನ ಹೆಸರಿಗೂ ಬೈಬಲ್ಲಿನಲ್ಲಿ ಪತ್ರಗಳಿವೆ, ಅವನು ಅವನ್ನು ಓದಲಿ. ಧರ್ಮೋಪದೇಶಕಾಂಡ 17ರ ಪ್ರಕಾರ ಅರಸ ಕುದುರೆ, ಬೆಳ್ಳಿ, ಬಂಗಾರ ಗುಡ್ಡೆ ಹಾಕಿಕೊಳ್ಳುವ ಹಾಗಿಲ್ಲ, ಧರ್ಮಶಾಸ್ತ್ರದ ಪ್ರತಿಯೊಂದನ್ನು ಬರೆದಿಟ್ಟುಕೊಂಡು ಜೀವನಪೂರ್ತಿ ಓದಬೇಕು. ಸ್ನಾನಿಕ ಯೋಹಾನನ ಹತ್ತಿರ ಬಂದ ಸುಂಕದವರಿಗೆ ಸಿಕ್ಕ ಉತ್ತರ, ನೇಮಕವಾದದ್ದಕ್ಕಿಂತ ಹೆಚ್ಚು ಎತ್ತಬೇಡಿ ಅಂತ. ಕೆಲಸ ಬಿಡಿ ಅನ್ನಲಿಲ್ಲ ಗಮನಿಸಿ. ಎಲ್ಲಕ್ಕಿಂತ ಒಳ್ಳೆಯದು ನೆಹೆಮೀಯನ 5ನೇ ಅಧ್ಯಾಯ. ಪರ್ಷಿಯಾದ ದೊರೆಯ ತೆರಿಗೆ ಕಟ್ಟಲು ಜನ ಹೊಲ, ದ್ರಾಕ್ಷಿತೋಟ ಒತ್ತೆ ಇಟ್ಟು ಸಾಲ ಮಾಡಿದ್ದಾರೆ, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದಾರೆ. ಸಾಲ ಕೊಟ್ಟವರೂ ಸ್ವಂತ ಜನರೇ. ಗವರ್ನರ್ ಆಗಿದ್ದ ನೆಹೆಮೀಯ ಸಿರಿವಂತರನ್ನು ಸಭೆಯಲ್ಲಿ ನಿಲ್ಲಿಸಿ ಹೊಲ-ತೋಟ ವಾಪಸ್ ಕೊಡಿಸುತ್ತಾನೆ. ಹಿಂದಿನ ಗವರ್ನರುಗಳು ಊಟದ ಬಾಬ್ತು ಅಂತ ಜನರಿಂದ ಎತ್ತುತ್ತಿದ್ದುದನ್ನು ತಾನು ಹನ್ನೆರಡು ವರ್ಷ ಮುಟ್ಟಲಿಲ್ಲ ಅನ್ನುತ್ತಾನೆ, ತನ್ನ ಪಂಕ್ತಿಯಲ್ಲಿ ದಿನಾ 150 ಜನ ಊಟಕ್ಕೆ ಕೂರುತ್ತಿದ್ದರೂ. ದೊರೆಯ ತೆರಿಗೆಯನ್ನು ಅವನು ರದ್ದು ಮಾಡಿಸಲಿಲ್ಲ ನಿಜ. ತನ್ನ ಕೈಯಲ್ಲಿದ್ದದ್ದನ್ನು ಮಾಡಿದ.

ತೆರಿಗೆಯೇ ಕಳ್ಳತನ ಅನ್ನುವವರೂ ಇದೇ ತಪ್ಪನ್ನು ತಲೆಕೆಳಗಾಗಿ ಮಾಡುತ್ತಾರೆ. ಅವರ ಕೈಲಿ ಸದಾ ಸಮುವೇಲನ ಪುಟ. ಇಲ್ಲವೇ ವಿಮೋಚನಕಾಂಡ 30ರ ಅರ್ಧ ಶೆಕೆಲ್, ಶ್ರೀಮಂತನೂ ಬಡವನೂ ಒಂದೇ ಸಮ ಕೊಡಬೇಕಾದದ್ದು. ಪರದೇಶಿಗೆ, ಅನಾಥನಿಗೆ, ವಿಧವೆಗೆ ಅಂತ ಮೂರು ವರ್ಷಕ್ಕೊಮ್ಮೆ ಎತ್ತಿಡಬೇಕಾದ ದಶಾಂಶದ ಪುಟ ಮಾತ್ರ ಅವರಿಗೆ ಕಾಣುವುದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು: ಈಗ ಅರಸರೆಲ್ಲಿದ್ದಾರೆ, ಓಟು ಹಾಕುವವನೇ ಕೊಡುವವನೂ ಹೌದು, ತೆಗೆದುಕೊಳ್ಳುವವನೂ ಹೌದು ಅಲ್ವಾ? ಹೌದು. ಹಾಗಾದರೆ ಅವನ ಹೆಸರಿಗೆ ಎರಡೂ ಪತ್ರ ಬಂದ ಹಾಗಾಯಿತು. ಪೌಲನೊಬ್ಬನನ್ನು ಓದಿ ಸುಮ್ಮನಾಗಲು ಅವನಿಗಂತೂ ಸಾಧ್ಯವಿಲ್ಲ.

ಅಂದಹಾಗೆ, ಕೊಡುವವನ ಪತ್ರಗಳಲ್ಲಿ ನನಗೆ ಅತಿ ಹಿಡಿಸಿದ್ದು ರೋಮಾಪುರ 13 ಅಲ್ಲ, ಮತ್ತಾಯ 17. ದೇವಾಲಯದ ತೆರಿಗೆ ವಸೂಲಿಯವರು ಕಪೆರ್ನೌಮಿನಲ್ಲಿ ಪೇತ್ರನನ್ನು ಹಿಡಿದು, ನಿಮ್ಮ ಗುರು ಎರಡು ದ್ರಾಕ್ಮ ಕಟ್ಟುವುದಿಲ್ಲವಾ ಅನ್ನುತ್ತಾರೆ. ಯೇಸು ಕೇಳುತ್ತಾನೆ: ಲೋಕದ ಅರಸರು ತೆರಿಗೆ ಎತ್ತುವುದು ಸ್ವಂತ ಮಕ್ಕಳಿಂದಲೋ ಹೊರಗಿನವರಿಂದಲೋ? ಹೊರಗಿನವರಿಂದ. ಹಾಗಾದರೆ ಮಕ್ಕಳು ಕೊಡಬೇಕಾಗಿಲ್ಲ. ಆದರೂ ಅವರ ಮನಸ್ಸು ಯಾಕೆ ನೋಯಿಸುವುದು, ಹೋಗಿ ಗಾಳ ಹಾಕು, ಮೊದಲು ಸಿಕ್ಕಿದ ಮೀನಿನ ಬಾಯಲ್ಲಿ ಒಂದು ನಾಣ್ಯ ಇರುತ್ತದೆ, ಇಬ್ಬರದೂ ಸೇರಿಸಿ ಕಟ್ಟಿಬಿಡು. ಕೇಳುವ ಹಕ್ಕು ನಿಮಗಿಲ್ಲ, ತಗೊಳ್ಳಿ, ಆದರೆ ನನ್ನ ಜೇಬಿನಿಂದಲ್ಲ :-)

ಮತ್ತಾಯನ ಸುವಾರ್ತೆ ಈಗಿನ ರೂಪಕ್ಕೆ ಬಂದದ್ದು ಕ್ರಿ.ಶ. 70ರ ನಂತರ ಅಂತ ಬಹುತೇಕ ವಿದ್ವಾಂಸರು ಹೇಳುತ್ತಾರೆ. ಅಷ್ಟರಲ್ಲಿ ರೋಮನ್ನರು ಆ ದೇವಾಲಯವನ್ನು ಸುಟ್ಟಾಗಿತ್ತು. ತೆರಿಗೆ ಮಾತ್ರ ಉಳಿಯಿತು. ಅದೇ ಎರಡು ದ್ರಾಕ್ಮವನ್ನು ಯೆಹೂದಿಗಳು ಇನ್ನು ಮೇಲೆ ರೋಮಿನ ಜುಪಿಟರ್ ದೇವಸ್ಥಾನಕ್ಕೆ ಕಟ್ಟಬೇಕು ಅಂತ ಚಕ್ರವರ್ತಿ ವೆಸ್ಪೇಸಿಯನ್ ಮಾಡಿದ. ಅವನ ಮಗ ಡೊಮಿಷಿಯನ್ನನ ಕಾಲದಲ್ಲಿ ವಸೂಲಿ ಎಷ್ಟು ಕ್ರೂರವಾಯಿತೆಂದರೆ, ತೊಂಬತ್ತು ವರ್ಷದ ಮುದುಕನೊಬ್ಬನಿಗೆ ಸುನ್ನತಿ ಆಗಿದೆಯೋ ಇಲ್ಲವೋ ಅಂತ ತುಂಬಿದ ಕಚೇರಿಯಲ್ಲಿ ಬಟ್ಟೆ ಬಿಚ್ಚಿಸಿ ನೋಡಿದ್ದನ್ನು ತಾನು ಚಿಕ್ಕವನಿದ್ದಾಗ ಕಂಡೆ ಅಂತ ಸ್ವೆಟೋನಿಯಸ್ ಬರೆದಿದ್ದಾನೆ. ಕ್ರಿ.ಶ. 96ರಲ್ಲಿ ಪಟ್ಟಕ್ಕೆ ಬಂದ ನೆರ್ವಾ, ಈ ತೆರಿಗೆಯ ಹೆಸರಿನ ದುರುಪಯೋಗ ನಿಲ್ಲಿಸಿದ್ದೇನೆ ಅಂತ ನಾಣ್ಯವನ್ನೇ ಅಚ್ಚು ಹಾಕಿಸಿದ. ತೆರಿಗೆ ಮಾತ್ರ ನಿಲ್ಲಲಿಲ್ಲ. ಮೂರನೇ ಶತಮಾನದಲ್ಲೂ ಯೆಹೂದಿಗಳು ಆ ಎರಡು ದ್ರಾಕ್ಮ ಕಟ್ಟುತ್ತಲೇ ಇದ್ದರು ಅಂತ ಚರ್ಚಿನ ಪಂಡಿತ ಓರಿಜನ್ ಬರೆದಿದ್ದಾನೆ.